ಜಾಗತಿಕ ರಾಜಕೀಯ ಅರ್ಥಶಾಸ್ತ್ರದಲ್ಲಿ ‘ಅಧಿಕಾರ’ ಓದುವುದು ಹೇಗೆ? ಗೊತ್ತಿರುವವರು ಹೇಳಿ

ಪ್ರಶ್ನೆ: ಎಂ.ಎ. ಓದುತ್ತಿದ್ದೇನೆ. ಸಿದ್ಧಾಂತದ ನೋಟ್ಸೆಲ್ಲ ಬಾಯಿಪಾಠ. ಆದರೆ ಡಾಲರಿಗೆ ಅಷ್ಟು ಬಲ ಯಾಕೆ ಎಂದರೆ ‘ಅಮೆರಿಕ ಬಲಿಷ್ಠ, ಅದಕ್ಕೇ’ ಎನ್ನುವುದರಾಚೆ ಬರೆಯಲಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಸಿದ್ಧಾಂತ ಪಕ್ಕಕ್ಕಿಟ್ಟು ಒಂದೇ ಒಂದು ವ್ಯವಹಾರ ಹಿಡಿಯಿರಿ. ಮಂಗಳೂರಿನ ಎಂಆರ್‌ಪಿಎಲ್ ಎಂಬ ತೈಲ ಸಂಸ್ಕರಣಾಗಾರ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿಯಾಗಿತ್ತು. ಇರಾನ್ ತೈಲ ಕೊಳ್ಳುವವರ ಮೇಲಿನ ನಿರ್ಬಂಧದಿಂದ ಭಾರತವೂ ಸೇರಿ 8 ಕಡೆಗೆ ಅಮೆರಿಕ 2018ರ ನವೆಂಬರಿನಲ್ಲಿ ಕೊಟ್ಟ ವಿನಾಯಿತಿ 2019ರ ಮೇ ಆರಂಭಕ್ಕೆ ಮುಗಿಯಿತು, ಖರೀದಿಯೂ ನಿಂತಿತು. ಮಾರುವವರು ತಯಾರು, ಕೊಳ್ಳುವವರೂ ತಯಾರು, ಭಾರತದ ಕಾನೂನಿನ ಅಡ್ಡಿಯೂ ಇಲ್ಲ. ಹಾಗಾದರೆ ತಡೆದದ್ದು ಯಾರು?

ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಸರಕು, ಹಡಗು, ವಿಮೆ, ಹಣ. ಪ್ರತಿಯೊಂದರ ಕೆಳಗೂ ‘ಇಲ್ಲಿ ಆಗಲ್ಲ ಅನ್ನಬಲ್ಲವರು ಯಾರು, ಯಾವ ನಿಯಮದ ಮೇಲೆ’ ಎಂದು ಬರೆಯಿರಿ. ವಿಮೆಯ ಕಾಲಂ ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ಸ್ವಾರಸ್ಯ ಇರುವುದೇ ಅಲ್ಲಿ. ಜಗತ್ತಿನ ಸಾಗರಯಾನದ ಹಡಗುಗಳಲ್ಲಿ, ಟನ್ನೇಜ್ ಲೆಕ್ಕದಲ್ಲಿ, ಸುಮಾರು 90% ಹಡಗುಗಳ ಹೊಣೆ ವಿಮೆ (ಹಡಗಿನಿಂದ ಇತರರಿಗಾಗುವ ಹಾನಿಯ ವಿಮೆ) ಹಡಗು ಮಾಲೀಕರೇ ಸೇರಿ ಕಟ್ಟಿಕೊಂಡ ಬೆರಳೆಣಿಕೆಯ ವಿಮಾ ಕ್ಲಬ್ಬುಗಳ ಒಂದೇ ಕೂಟದಲ್ಲಿದೆ. ಅದರ ಬೇರು ಲಂಡನ್ನಿನಲ್ಲಿ. 2012ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟ ಇರಾನ್ ತೈಲಕ್ಕೆ ವಿಮೆ ನಿಷೇಧಿಸಿದಾಗ ಹಡಗಿದ್ದೂ ಹೊರಡಲಾಗದ ಸ್ಥಿತಿ ಬಂತು. ಕೊನೆಗೆ ಭಾರತ ಸರ್ಕಾರಿ ವಿಮಾ ಕಂಪನಿಯ ಮೊರೆಹೋಯಿತು.

ಇದಾದ ಮೇಲೆ ಬ್ರಿಟಿಷ್ ವಿದ್ವಾಂಸೆ ಸೂಸನ್ ಸ್ಟ್ರೇಂಜ್ ಹೇಳುವ ಅಧಿಕಾರದ ನಾಲ್ಕು ರಚನೆ (ಭದ್ರತೆ, ಉತ್ಪಾದನೆ, ಹಣಕಾಸು, ಜ್ಞಾನ) ಓದಿ. ಬಾಯಿಪಾಠ ಬೇಕಾಗುವುದಿಲ್ಲ.

ಉತ್ತರ 2: ಹಣದ ಕಾಲಂ ಬಗ್ಗೆ. ಡಾಲರ್ ಪಾವತಿ ಕೊನೆಗೆ ಇತ್ಯರ್ಥವಾಗುವುದು ಸಾಮಾನ್ಯವಾಗಿ ಅಮೆರಿಕದ ಬ್ಯಾಂಕಿನ ಖಾತೆಯಲ್ಲಿ. ಅಮೆರಿಕದ ಕಾನೂನಿನ ಕೈ ತಲುಪುವುದು ಅಲ್ಲಿಂದಲೇ. ‘ರೂಪಾಯಿಯಲ್ಲೇ ಕೊಡಬಹುದಲ್ಲ’ ಎಂದು ಪರೀಕ್ಷೆಯಲ್ಲಿ ಬರೆದು ನಿಲ್ಲಿಸಬೇಡಿ. 2012ರಿಂದ ಇರಾನ್ ತೈಲದ ಬಿಲ್ಲಿನ 45% ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಾಗಿ ಜಮೆಯಾಗುವ ಏರ್ಪಾಡಿತ್ತು. ತೊಡಕು ಏನೆಂದರೆ, ಆ ರೂಪಾಯಿಯಿಂದ ಇರಾನ್ ಕೊಳ್ಳಬಹುದಾದದ್ದು ನಮ್ಮ ಅಕ್ಕಿ, ಚಹಾ, ಔಷಧಿಯಂಥವು. ನಾವು ಮಾರುವುದಕ್ಕಿಂತ ಕೊಳ್ಳುವುದು ಹೆಚ್ಚಾದರೆ ರೂಪಾಯಿ ಅಲ್ಲೇ ಕೊಳೆಯುತ್ತದೆ. ಡಾಲರಿನ ಬಲ ಎಂದರೆ ಎಲ್ಲಿ ಬೇಕಾದರೂ ಖರ್ಚಾಗುವ ಗುಣವೂ ಹೌದು.

ಇನ್ನೊಂದು ಮಾತು: ಆಹಾರ, ಔಷಧಿಗೆ ಕಾಗದದ ಮೇಲೆ ವಿನಾಯಿತಿ ಇದ್ದರೂ ದಂಡದ ಹೆದರಿಕೆಯಿಂದ ಬ್ಯಾಂಕುಗಳು ತಾವಾಗಿಯೇ ಹಿಂಜರಿಯುತ್ತವೆ. ಆದೇಶವೇ ಇಲ್ಲದೆ ನಡೆಯುವ ಈ ಅಧಿಕಾರ ನಿಷೇಧದ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಉತ್ತರ 3: ಸಂಸ್ಥೆಯ ಒಳಗಿನ ಅಧಿಕಾರಕ್ಕೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ನೋಡಿ. ಕೋಟಾ (ಪ್ರತಿ ಸದಸ್ಯ ದೇಶದ ಪಾಲು) ಬದಲಿಸಲು 85% ಮತ ಬೇಕು. ಅಮೆರಿಕದ ಬಳಿ ಸುಮಾರು 16.5% ಇದೆ. ಅಂದರೆ ಅದೊಂದೇ ತಡೆಯಬಲ್ಲದು. 2010ರಲ್ಲಿ ಒಪ್ಪಿದ ಸುಧಾರಣೆ ಜಾರಿಯಾದದ್ದು 2016ರ ಜನವರಿಯಲ್ಲಿ, ಅದೂ ಹಿಂದಿನ ತಿಂಗಳು ಅಮೆರಿಕದ ಕಾಂಗ್ರೆಸ್ ಒಪ್ಪಿದ ಮೇಲೆ. ಆದರೆ ಮತದ ಶೇಕಡಾ ಲೆಕ್ಕಕ್ಕೇ ಜೋತುಬೀಳಬೇಡಿ. ದಿನನಿತ್ಯದ ತೀರ್ಮಾನಗಳು ಹೆಚ್ಚಾಗಿ ಮತವಿಲ್ಲದೆ ಸಹಮತದಲ್ಲೇ ಆಗುತ್ತವೆ.

ಉತ್ತರ 4: ಅಂಕಿ ಹುಡುಕುವಾಗ ಕಚ್ಚಾತೈಲದ ಎಚ್‌ಎಸ್ ಕೋಡ್ (ಸರಕು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) 2709. ವಾಣಿಜ್ಯ ಸಚಿವಾಲಯದ ವಾರ್ಷಿಕ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ಗೆ, ವಿಶ್ವಸಂಸ್ಥೆಯದ್ದು ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್‌ಗೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಿದರೆ 2019ರ ಕುಸಿತ ತಪ್ಪು ಜಾಗದಲ್ಲಿ ಕಾಣುತ್ತದೆ. ತಿಂಗಳವಾರು ಲೆಕ್ಕವನ್ನೇ ತೆಗೆದುಕೊಳ್ಳಿ. ಮೌಲ್ಯದ ಜೊತೆ ಪ್ರಮಾಣವನ್ನೂ ಹಾಕಿ, ಇಲ್ಲವಾದರೆ ಬೆಲೆ ಇಳಿದದ್ದನ್ನೇ ನಿರ್ಬಂಧದ ಪರಿಣಾಮ ಎಂದು ಬರೆದುಬಿಡುತ್ತೀರಿ.