ಕಾಯಂ ಕೆಲಸ ಬಿಡದೆ ಇಷ್ಟದ ಕೆಲಸವನ್ನೂ ಉಳಿಸಿಕೊಂಡವರು, ನಿಮ್ಮ ಅನುಭವ ಹೇಳಿ

ನಾನು ಒಂಬತ್ತು ವರ್ಷದಿಂದ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಎರಡು ವರ್ಷದಿಂದ ರಾತ್ರಿ ಹೊತ್ತು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಡುತ್ತಿದ್ದೇನೆ. ಮೊದಲು ತಿಂಗಳಿಗೆ ಒಂದು ಕೆಲಸ ಬರುತ್ತಿತ್ತು, ಈಗ ನಾಲ್ಕು ಬರುತ್ತಿವೆ. ದುಡ್ಡಿಗಿಂತ ಖುಷಿಗೆ ಮಾಡುವುದೇ ಜಾಸ್ತಿ. ಆದರೆ ಈಚೆಗೆ ಬ್ರಷ್ ಹಿಡಿದರೆ ಕಣ್ಣು ಎಳೆಯುತ್ತದೆ. ಕೆಲಸ ಬಿಡುವ ಧೈರ್ಯ ಇಲ್ಲ, ನಿಜ ಹೇಳಬೇಕೆಂದರೆ ಬಿಡುವ ಆಸೆಯೂ ಇಲ್ಲ. ವಾರಕ್ಕೆ ನಾಲ್ಕೇ ದಿನ ಬರುತ್ತೇನೆ ಅಂತ ಕೇಳಲಾ? ಎರಡನ್ನೂ ಒಟ್ಟಿಗೆ ನಡೆಸಿದವರು ಹೇಗೆ ಮಾಡಿದಿರಿ, ದಯವಿಟ್ಟು ಹೇಳಿ.

*

ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ನನಗೆ ಎಲ್ಲರೂ ಹೇಳಿದ್ದರು. ಹನ್ನೊಂದು ವರ್ಷ ಆಯ್ತು, ಇಟ್ಟೇ ಇದ್ದೇನೆ. ಹಗಲು ಒಂದು ಕಚೇರಿಯ ದಾಖಲೆ ವಿಭಾಗದಲ್ಲಿ ಕೆಲಸ. ಉಳಿದ ಹೊತ್ತಿನಲ್ಲಿ ಹಳೇ ಪುಸ್ತಕಗಳನ್ನು ಬಿಚ್ಚಿ ಮತ್ತೆ ಹೊಲಿದು ಕಟ್ಟಿಕೊಡುತ್ತೇನೆ.

ಮೊದಲ ಎರಡು ವರ್ಷ ನಾನೂ ನಿಮ್ಮ ಹಾಗೇ ಇದ್ದೆ. ರಾತ್ರಿ ಊಟ ಮುಗಿಸಿ ಕೂತರೆ ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಗುತ್ತಿತ್ತು. ಒಂದು ರಾತ್ರಿ ಹದಿನಾರು ಪುಟದ ಒಂದು ಮಡಿಕೆಯನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ಬೆಳಿಗ್ಗೆ ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು. ಯಾರದೋ ಅಜ್ಜನ ಪುಸ್ತಕ ಅದು. ಹೊಲಿಗೆ ಪೂರ್ತಿ ಬಿಚ್ಚಿ ಮತ್ತೆ ಮಾಡಿದೆ.

ಅವತ್ತಿನಿಂದ ಗಂಟೆ ಎಷ್ಟು ಸಿಗುತ್ತದೆ ಅಂತ ಎಣಿಸುವುದು ಬಿಟ್ಟೆ. ಯಾವ ಗಂಟೆ ಅಂತ ನೋಡಲು ಶುರು ಮಾಡಿದೆ. ಹೊಲಿಗೆಗೆ ಎಚ್ಚರದ ಕೈ ಬೇಕು, ಹಾಗಾಗಿ ಅದು ಬೆಳಿಗ್ಗೆ ಐದರಿಂದ ಆರೂವರೆ. ಬೆನ್ನಿನ ಒಣಗಿದ ಅಂಟು ಕೆರೆಯುವುದು, ದಾರಕ್ಕೆ ಮೇಣ ಸವರುವುದು, ರಟ್ಟು ಕತ್ತರಿಸುವುದು, ಇವು ರಾತ್ರಿಗೆ. ಅಂಟು ಹಚ್ಚಿ ಎರಡು ಹಲಗೆ ನಡುವೆ ಇಟ್ಟು ಭಾರ ಹೇರಿದರೆ ಒಣಗಲು ಇಡೀ ರಾತ್ರಿ ಬೇಕು. ಅವಸರ ಮಾಡಿ ತೆಗೆದರೆ ರಟ್ಟು ಸೊಟ್ಟಗಾಗುತ್ತದೆ. ಹಾಗಾಗಿ ಮಲಗುವ ಮುಂಚೆ ಅಂಟು ಹಚ್ಚುತ್ತೇನೆ. ನಾನು ನಿದ್ದೆ ಮಾಡುವಾಗ ಪುಸ್ತಕ ತನ್ನ ಕೆಲಸ ಮಾಡಿಕೊಳ್ಳುತ್ತದೆ. ನಿಮ್ಮ ಕೆಲಸದಲ್ಲೂ ಹೀಗೆ ಬೇರೆ ಮಾಡಬಹುದಲ್ವಾ? ಪಾತ್ರದ ಮುಖ, ಮೊದಲ ಗೆರೆ ಬೆಳಿಗ್ಗೆ. ಸ್ಕ್ಯಾನ್ ಮಾಡುವುದು, ಬಿಲ್ ಬರೆಯುವುದು ರಾತ್ರಿ.

ಇನ್ನೊಂದು ವಿಷಯ. ಎಂಟು ವಾರ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಸಮಯ ಬರೆದಿಟ್ಟೆ. ಹತ್ತು ಗಂಟೆಯಲ್ಲಿ ಕೈ ಪುಸ್ತಕದ ಮೇಲಿದ್ದದ್ದು ಬರೀ ಆರು ಗಂಟೆ. ಉಳಿದ ನಾಲ್ಕು ಫೋನು, ಕಾಗದ ತರುವುದು, ಪ್ಯಾಕಿಂಗ್, ಬಾಕಿ ದುಡ್ಡು ಕೇಳುವುದಕ್ಕೆ ಹೋಗುತ್ತಿತ್ತು. ನಾನು ದರ ಕಟ್ಟಿದ್ದು ಆರು ಗಂಟೆಗೆ ಮಾತ್ರ. ಹತ್ತು ಗಂಟೆಗೆ ಕಟ್ಟಿ ದರ ಏರಿಸಿದೆ. ಕೆಲವರು ಹೋದರು. ತಿಂಗಳ ಗಳಿಕೆ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಉಳಿಯಿತು, ಬೆಳಗಿನ ಹೊತ್ತು ವಾಪಸ್ ಸಿಕ್ಕಿತು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಐದನೇ ವರ್ಷ ಒಂದು ಸಂಸ್ಥೆಗೆ ಒಂದೇ ಥರದ ಇನ್ನೂರು ಡೈರಿ ಕಟ್ಟಿಕೊಡಲು ಒಪ್ಪಿಕೊಂಡೆ. ದುಡ್ಡು ಚೆನ್ನಾಗಿತ್ತು. ಮುಗಿದ ಮೇಲೆ ಎರಡು ತಿಂಗಳು ಸೂಜಿ ಮುಟ್ಟಲು ಮನಸ್ಸೇ ಬರಲಿಲ್ಲ. ಆಗ ಹೊಳೆಯಿತು: ಸಂಬಳ ಬರುತ್ತಿರುವುದೇ ಇಂಥದ್ದನ್ನು ಬೇಡ ಅನ್ನುವುದಕ್ಕೆ. ಅಕ್ಕಿ ಬೇಳೆಗೆ ದುಡಿಯುವವರು ಬಂದದ್ದನ್ನೆಲ್ಲ ತೆಗೆದುಕೊಳ್ಳಲೇಬೇಕು. ನಮಗೆ ಆ ಗತಿ ಇಲ್ಲ. ನಿಮ್ಮ ನಾಲ್ಕು ಕೆಲಸದಲ್ಲಿ ಎಷ್ಟನ್ನು ನೀವು ಅದಕ್ಕೆ ದುಡ್ಡು ಬರದಿದ್ದರೂ ಆಸೆಯಿಂದ ಮಾಡುತ್ತಿದ್ದಿರಿ? ಮೊದಲು ಅದನ್ನು ನೋಡಿ. ನಾಲ್ಕು ದಿನದ ಮಾತು ಆಮೇಲೆ.

*

ನಾಲ್ಕು ದಿನ ಕೇಳಿ ಪಡೆದವಳು ನಾನು. ಹೊರಗೆ ಅನುವಾದ ಮಾಡುತ್ತೇನೆ. ಸಂಬಳ ಐದನೇ ಒಂದು ಭಾಗ ಇಳಿಯಿತು, ಕೆಲಸ ಇಳಿಯಲಿಲ್ಲ. ಐದು ದಿನದ್ದನ್ನು ನಾಲ್ಕು ದಿನದಲ್ಲಿ ತುರುಕಿ, ರಜೆಯ ದಿನವೂ ಫೋನ್ ಎತ್ತುತ್ತಿದ್ದೆ. ಆರು ತಿಂಗಳು ಒದ್ದಾಡಿದ ಮೇಲೆ ಮೇಲಿನವರ ಹತ್ತಿರ ಕೂತು, ಯಾವ ಕೆಲಸ ಯಾರಿಗೆ ಹೋಗಬೇಕು ಅಂತ ಬರೆಸಿಕೊಂಡೆ. ನೀವು ಕೇಳುವಾಗಲೇ ಇದನ್ನು ಬರೆಸಿಕೊಳ್ಳಿ. ರಜೆ, ನಿವೃತ್ತಿ ಹಣ, ವಿಮೆ ಎಷ್ಟು ಕಡಿಮೆ ಆಗುತ್ತದೆ ಅಂತಲೂ ಮೊದಲೇ ಕೇಳಿ. ಸಾಧ್ಯವಾದರೆ ಮೂರು ತಿಂಗಳಿಗೆ ಅಂತ ಶುರು ಮಾಡಿ, ವಾಪಸ್ ಬರುವ ದಾರಿ ಇರಲಿ.

ಅದಕ್ಕೂ ಮುಂಚೆ ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ಹೊರಗಿನ ಕೆಲಸಕ್ಕೆ ಒಪ್ಪಿಗೆ ಬೇಕು ಅಂತ ತುಂಬಾ ಕಡೆ ಬರೆದಿರುತ್ತಾರೆ. ಕೆಲಸದಲ್ಲಿದ್ದಾಗ ಮಾಡಿದ್ದೆಲ್ಲ ಕಂಪನಿಯದ್ದೇ ಅನ್ನುವ ಸಾಲೂ ಕೆಲವು ಕಡೆ ಇರುತ್ತದೆ, ಚಿತ್ರ ಬರೆಯುವವರಿಗೆ ಅದು ಸಣ್ಣ ವಿಷಯ ಅಲ್ಲ. ಒಪ್ಪಿಗೆ ಬಾಯಿಮಾತಲ್ಲಿ ಬೇಡ, ಕಾಗದದಲ್ಲಿ ಇರಲಿ. ಕಂಪನಿ ಲ್ಯಾಪ್‌ಟಾಪಿನಲ್ಲಿ ಒಂದು ಗೆರೆಯೂ ಎಳೆಯಬೇಡಿ. ಚಿತ್ರದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇಡಿ, ಬಂದ ದಿನವೇ ತೆರಿಗೆಗೆ ಅಂತ ಒಂದು ಪಾಲು ತೆಗೆದಿಡಿ. ಲೆಕ್ಕದವರು ನೀವು, ಇದು ನಿಮಗೆ ಗೊತ್ತೇ ಇದೆ. ಆದರೂ ಬೇರೆಯವರ ಲೆಕ್ಕ ನೋಡುವವರು ತಮ್ಮದನ್ನು ಮುಂದೂಡುವುದನ್ನು ನಾನು ಕಂಡಿದ್ದೇನೆ.

*

ಬೆಳಗಿನ ಹೊತ್ತಿನ ಬಗ್ಗೆ ನನ್ನದೂ ಒಂದು ಮಾತು. ಮಾಸ್ತಿ ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು ಅಂತ ನಮಗೆಲ್ಲ ಗೊತ್ತು. ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಕೂಡ ಹಾಗೇ, 1834ರಿಂದ 1867ರವರೆಗೆ ಅಂಚೆ ಇಲಾಖೆಯಲ್ಲಿದ್ದರು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಅಷ್ಟು ಹೊತ್ತಿಗೆ ಎಬ್ಬಿಸಲು ಆಳಿಗೆ ಬೇರೆ ದುಡ್ಡು ಕೊಡುತ್ತಿದ್ದರಂತೆ. ನಾನು ಕೆಲಸಕ್ಕೆ ಹೋಗುವ ಮುಂಚೆ ಇಬ್ಬರಿಗೆ ವಯಲಿನ್ ಹೇಳಿಕೊಡುತ್ತೇನೆ. ಸಂಜೆ ಇಟ್ಟುಕೊಂಡಿದ್ದಾಗ ಕಚೇರಿಯ ಮೀಟಿಂಗ್ ಮುಗಿಯದೆ ವಾರಕ್ಕೆ ಎರಡು ಪಾಠ ತಪ್ಪುತ್ತಿದ್ದವು. ಬೆಳಿಗ್ಗೆ ಆರಕ್ಕೆ ಯಾರೂ ಮೀಟಿಂಗ್ ಕರೆಯುವುದಿಲ್ಲ.

*

ನಾನು ಪೂರ್ತಿ ಬಿಟ್ಟು ಹೋಗಿ, ಒಂದೂವರೆ ವರ್ಷಕ್ಕೆ ವಾಪಸ್ ಬಂದವನು. ಫೋಟೋಗ್ರಫಿ ನನ್ನದು. ಕೈಯಲ್ಲಿ ನಾಲ್ಕು ತಿಂಗಳ ಖರ್ಚಿಗೆ ಆಗುವಷ್ಟು ಇಟ್ಟುಕೊಂಡು ಬಿಟ್ಟೆ, ಅದು ಸಾಲಲಿಲ್ಲ. ದುಡ್ಡು ಕೊಡಬೇಕಾದವರು ಮೂರು ತಿಂಗಳು ತಡ ಮಾಡಿದರೆ ಎಲ್ಲಾ ಅಲ್ಲೋಲಕಲ್ಲೋಲ. ಅಮೆರಿಕದಲ್ಲಿ ಇಬ್ಬರು ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಕೆಲಸದಲ್ಲಿದ್ದುಕೊಂಡೇ ಸ್ವಂತದ್ದನ್ನು ಶುರು ಮಾಡಿ ಆಮೇಲೆ ಅದಕ್ಕೇ ಹೋದವರಲ್ಲಿ, ನೇರವಾಗಿ ಕೆಲಸ ಬಿಟ್ಟು ಧುಮುಕಿದವರಿಗಿಂತ, ವ್ಯವಹಾರ ಮುಚ್ಚುವ ಸಾಧ್ಯತೆ 33% ಕಡಿಮೆ ಇತ್ತಂತೆ. ಇದನ್ನು ನಾನು ಬಿಡುವ ಮುಂಚೆ ಓದಬೇಕಿತ್ತು. ನಿಮಗೆ ಧೈರ್ಯ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ನೀವು ಈಗಿರುವ ಜಾಗ ಒಳ್ಳೆಯ ಜಾಗ.

ಬ್ರಷ್ ಹಿಡಿದರೆ ಕಣ್ಣು ಎಳೆಯುತ್ತದೆ ಅಂದಿರಲ್ಲ, ಅದು ಬರೀ ನಿದ್ದೆಗೆಟ್ಟದ್ದಕ್ಕೆ ಇರಲಿಕ್ಕಿಲ್ಲ, ದುಡ್ಡಿಗೆ ಮಾಡುತ್ತಾ ಖುಷಿ ಕಡಿಮೆ ಆಗಿರಬಹುದು. 1973ರಲ್ಲಿ ಚಿತ್ರ ಬರೆಯುವುದು ಇಷ್ಟ ಅನ್ನುವ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಬರೆದರೆ ಬಹುಮಾನ ಅಂತ ಮೊದಲೇ ಹೇಳಿ ಬರೆಸಿದ ಮಕ್ಕಳು, ಒಂದೆರಡು ವಾರ ಕಳೆದ ಮೇಲೆ, ಉಳಿದ ಮಕ್ಕಳ ಅರ್ಧದಷ್ಟು ಹೊತ್ತು ಮಾತ್ರ ತಾವಾಗಿ ಬಣ್ಣ ಮುಟ್ಟಿದರು. ನಾನು ಈಗ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಸುಮ್ನೆ ಹೋಗುತ್ತೇನೆ. ಆ ಫೋಟೋಗಳನ್ನು ಮಾರುವುದಿಲ್ಲ, ಯಾರಿಗೂ ಕಳಿಸುವುದೂ ಇಲ್ಲ. ನೀವೂ ವಾರಕ್ಕೊಂದು ಚಿತ್ರ ಹೀಗೆ ಬರೆದು ನೋಡಿ.

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಲೆ ಪ್ರಶ್ನೆ ಕೇಳಿದವಳು ನಾನೇ. ನಿನ್ನೆ ರಾತ್ರಿ ನಾಲ್ಕೂ ಕೆಲಸಗಳನ್ನು ಮುಂದೆ ಇಟ್ಟುಕೊಂಡು ನೋಡಿದೆ. ಆಸೆಯಿಂದ ಮಾಡುತ್ತಿರುವುದು ಎರಡೇ. ಇನ್ನೆರಡನ್ನು ಸಂಕೋಚಕ್ಕೆ ಒಪ್ಪಿಕೊಂಡಿದ್ದೆ. ನಾಲ್ಕು ದಿನದ ವಿಷಯ ಸದ್ಯಕ್ಕೆ ಕೇಳುವುದಿಲ್ಲ, ನೇಮಕಾತಿ ಪತ್ರ ಮಾತ್ರ ಹುಡುಕಿಟ್ಟಿದ್ದೇನೆ. ಪುಸ್ತಕ ಕಟ್ಟುವವರಿಗೆ ಒಂದು ಪ್ರಶ್ನೆ: ಬೇಡ ಅಂತ ಹೇಳುವಾಗ ನೀವು ಏನಂತ ಹೇಳುತ್ತೀರಿ? ನನಗೆ ಅಲ್ಲೇ ಬಾಯಿ ಕಟ್ಟುತ್ತದೆ.

*

ಬೇಡ ಅನ್ನುವ ಮಾತನ್ನೇ ಬಳಸುವುದಿಲ್ಲ. ನಾನು ಕಳಿಸುವ ಮೆಸೇಜ್ ಇಷ್ಟೇ: "ನಾನು ತಿಂಗಳಿಗೆ ಎರಡು ಪುಸ್ತಕ ಮಾತ್ರ ತೆಗೆದುಕೊಳ್ಳುತ್ತೇನೆ. ಮುಂದೆ ಜಾಗ ಖಾಲಿ ಇರುವುದು ಮೂರು ತಿಂಗಳು ಬಿಟ್ಟು. ಕಾಯುತ್ತೀರಾದರೆ ಹೆಸರು ಬರೆದುಕೊಳ್ಳುತ್ತೇನೆ." ಅವಸರ ಇರುವವರು ಬೇರೆ ಕಡೆ ಹೋಗುತ್ತಾರೆ. ನನ್ನ ಹತ್ತಿರವೇ ಕಟ್ಟಿಸಬೇಕು ಅನ್ನುವವರು ಕಾಯುತ್ತಾರೆ. ಸಂಕೋಚಕ್ಕೆ ಒಪ್ಪಿಕೊಂಡ ಆ ಎರಡನ್ನು ಮಾತ್ರ ಮುಗಿಸಿಕೊಡಿ, ಅರ್ಧಕ್ಕೆ ಬಿಡಬೇಡಿ. ಈ ಮೆಸೇಜ್ ಮುಂದಿನವರಿಂದ ಶುರುವಾಗಲಿ.