ಡ್ರಾಫ್ಟ್‌ಗೆ ಮುಂಚೆ ಹುಡುಗರಲ್ಲಿ ಏನು ನೋಡ್ತೀರಿ? ಬೇಸ್‌ಬಾಲ್ ಸ್ಕೌಟ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಗುಂಪಿನ ಅಡ್ಮಿನ್ ಅಕ್ಕ ಯುಗಾದಿಯಿಂದ ಬೆನ್ನು ಬಿದ್ದಿದ್ರು, "ಮಕ್ಕಳನ್ನ ಬೇಸ್‌ಬಾಲ್‌ಗೆ ಹಾಕಿರೋರು ಬಹಳ ಜನ ಇದಾರೆ, ಒಂದು ದಿನ ಕೂತು ಉತ್ತರ ಕೊಡಪ್ಪ" ಅಂತ. ಇವತ್ತು ಮಳೆ. ಮೈದಾನಕ್ಕೆ ಟಾರ್ಪಾಲು ಹೊದಿಸಿದಾರೆ, ನಾನು ಸ್ಕೂಲಿನ ಪಾರ್ಕಿಂಗಲ್ಲಿ ಕಾರೊಳಗೆ ಕೂತಿದೀನಿ. ಶುರು ಮಾಡೋಣ.

ಹುಟ್ಟಿದ್ದು ಹಾಸನ. ಹತ್ತನೇ ವಯಸ್ಸಿಗೆ ಅಪ್ಪನ ಕೆಲಸದ ನೆಪದಲ್ಲಿ ಅಟ್ಲಾಂಟಾಕ್ಕೆ ಬಂದ್ವಿ. ಅಲ್ಲಿ ವಿಕೆಟ್ ಕೀಪರ್ ಆಗಿದ್ದೋನು ಇಲ್ಲಿ ಕ್ಯಾಚರ್ ಆದೆ. ಸಣ್ಣ ಕಾಲೇಜೊಂದರಲ್ಲಿ ನಾಲ್ಕು ವರ್ಷ ಆಡಿದೆ, ಯಾವ ಡ್ರಾಫ್ಟಲ್ಲೂ (ಕ್ಲಬ್ಬುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದು) ನನ್ನ ಹೆಸರು ಬರಲಿಲ್ಲ. ಈಗ 11 ವರ್ಷದಿಂದ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗಾದ ಮೇಜರ್ ಲೀಗಿನ ಒಂದು ಕ್ಲಬ್ಬಿಗೆ ಏರಿಯಾ ಸ್ಕೌಟ್, ಅಂದ್ರೆ ನನ್ನ ಪ್ರದೇಶದ ಹುಡುಗರ ಆಟ ನೋಡಿ ವರದಿ ಬರೆಯೋನು. ಜಾರ್ಜಿಯಾ ಪೂರ್ತಿ, ಅಲಬಾಮಾದಲ್ಲಿ ಅರ್ಧ ನನ್ನ ಹೋಬಳಿ. ಕ್ಲಬ್ಬಿನ ಹೆಸರು ಮತ್ತು ಈ ವರ್ಷ ಯಾರ ಮೇಲೆ ಕಣ್ಣಿದೆ ಅನ್ನೋದು, ಇವೆರಡು ಬಿಟ್ಟು ಏನು ಬೇಕಾದ್ರೂ ಕೇಳಿ.

ಒಬ್ಬ ಅಪ್ಪ, ಆಲ್ಫರೆಟ್ಟಾ: ಸರ್, ಮಗನಿಗೆ 14, ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯೋನು). ರಾಡಾರ್ ಗನ್ನಲ್ಲಿ ಗಂಟೆಗೆ 78 ಮೈಲಿ ಬರ್ತಿದೆ. ಈ ವಯಸ್ಸಿಗೆ ಎಷ್ಟಿದ್ರೆ ಮುಂದೆ ಡ್ರಾಫ್ಟ್ ಆಸೆ ಇಟ್ಕೋಬಹುದು? ಬೇಸಿಗೆಯೊಳಗೆ 80 ದಾಟಿಸಲೇಬೇಕು ಅಂತ ಕೋಚ್ ಹಟ ಹಿಡಿದಿದಾರೆ.

ಉತ್ತರ: 14ಕ್ಕೆ ಇಷ್ಟೇ ಇರಬೇಕು ಅನ್ನೋ ಅಂಕಿ ನನ್ನ ಹತ್ರ ಇಲ್ಲ ಸರ್. ಮೇಜರ್ ಲೀಗಲ್ಲಿ ಈಗ ಫಾಸ್ಟ್‌ಬಾಲ್ ಸರಾಸರಿ 94 ಮೈಲಿ ಆಸುಪಾಸು. ಅದನ್ನ ನೋಡಿ ವರ್ಷಕ್ಕೆ ನಾಲ್ಕು ನಾಲ್ಕು ಏರಿಸ್ತಾ ಹೋದ್ರೆ 18ಕ್ಕೆ ಮುಟ್ತಾನೆ ಅಂತ ಮನೇಲಿ ಎಲ್ಲರೂ ಲೆಕ್ಕ ಹಾಕ್ತಾರೆ. ಮೈ ಬೆಳೆಯೋದು ಬಡ್ಡಿ ಬೆಳೆದ ಹಾಗಲ್ಲ.

ನಾನು ನೋಡೋದು 17ರ ಹುಡುಗನನ್ನ, ಆದ್ರೆ ಬರೆಯೋದು ಅವನು 25ಕ್ಕೆ ಏನಾಗ್ತಾನೆ ಅಂತ. ಇಡೀ ಕಸುಬು ಇಷ್ಟೇ. ಮೀಸೆ ಮೂಡಿ, ತೊಡೆ ತುಂಬಿ, ಆಗಲೇ ಗಂಡಸಿನ ಹಾಗಿರೋನು 92 ಎಸೀತಾನೆ ಅನ್ಕೊಳ್ಳಿ. ಪಕ್ಕದಲ್ಲಿ ಇನ್ನೊಬ್ಬ, ಬೆಲ್ಟ್ ಬಿಗಿದ್ರೂ ಪ್ಯಾಂಟ್ ನಿಲ್ಲದ ಸಣಕಲ, 88 ಎಸೀತಾನೆ. ಆದ್ರೆ ಹೆಗಲು ಅಗಲ, ತೋಳು ಉದ್ದ, ಕೈ ಬೀಸೋದು ನೀರು ಹರಿದ ಹಾಗೆ ಸಲೀಸು. ನನ್ನ ವರದಿಯಲ್ಲಿ ಎರಡನೆಯವನಿಗೇ ಜಾಸ್ತಿ ಸಾಲು. ಆಮೇಲೆ ಕೂತಿರೋ ಜನರ ಕಡೆ ತಿರುಗಿ ಅವನ ಅಪ್ಪ-ಅಮ್ಮ ಯಾರು ಅಂತ ಹುಡುಕ್ತೀನಿ. ತಮಾಷೆಗೆ ಹೇಳ್ತಿಲ್ಲ. ಅಮ್ಮ ಆರಡಿ ಹತ್ತಿರ ಇದ್ರೆ ಅದನ್ನೂ ಪುಸ್ತಕದಲ್ಲಿ ಗುರುತು ಹಾಕ್ತೀನಿ.

ಇನ್ನು ಆ 80. ಮೊಣಕೈಯ ಟಾಮಿ ಜಾನ್ ಆಪರೇಷನ್ ಗೊತ್ತಿರಬೇಕು, 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಮೊದಲು ಮಾಡಿದ್ದು. ಹರಿದ ಲಿಗಮೆಂಟ್ ಜಾಗಕ್ಕೆ ಮೈಯ ಬೇರೆ ಕಡೆಯಿಂದ ಸ್ನಾಯುರಜ್ಜು ತಂದು ಹಾಕ್ತಾರೆ, ಮತ್ತೆ ಪಂದ್ಯಕ್ಕೆ ಇಳಿಯೋಕೆ ವರ್ಷ ದಾಟುತ್ತೆ. ಆ ಹೊಲಿಗೆ ಗುರುತು ಹೊತ್ತು ಹೈಸ್ಕೂಲ್ ಆಡೋ ಹುಡುಗರನ್ನ ನಾನು ಪ್ರತಿ ಸೀಸನ್ ನೋಡ್ತೀನಿ. ಮೇಜರ್ ಲೀಗ್ ಮತ್ತು ಯುಎಸ್ಎ ಬೇಸ್‌ಬಾಲ್ ಸೇರಿ ಮಾಡಿರೋ ಪಿಚ್ ಸ್ಮಾರ್ಟ್ ಪಟ್ಟಿ ಇದೆ, ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿ. 13-14ರ ಮಕ್ಕಳಿಗೆ ದಿನಕ್ಕೆ ಹೆಚ್ಚಂದ್ರೆ 95 ಎಸೆತ, ವರ್ಷದಲ್ಲಿ 4 ತಿಂಗಳು ಪಿಚಿಂಗೇ ಬೇಡ. ಆ ನಾಲ್ಕು ತಿಂಗಳು ಬ್ಯಾಸ್ಕೆಟ್‌ಬಾಲ್ ಆಡ್ಲಿ, ಈಜಲಿ.

ಹುಬ್ಬಳ್ಳಿಯವರು, ಈಗ ಡಲ್ಲಾಸ್: ಸರ, 20-80 ಅಂತಾರಲ್ರಿ, ಏನದು? ನಮ್ಮ ಕಡೆ 35ಕ್ಕ ಪಾಸು, 100ಕ್ಕ ಔಟ್ ಆಫ್ ಔಟ್. ಇದ್ಯಾವ ಲೆಕ್ಕರಿ?

ಉತ್ತರ: ಹ್ಹಹ್ಹ, ಇಲ್ಲಿ 35 ತಗೊಂಡ್ರೆ ಪಾಸಾಗಲ್ಲ ಸರ. ಇದು ಸ್ಕೌಟ್‌ಗಳು ಆಟಗಾರನಿಗೆ ಹಾಕೋ ಅಂಕ, ಕನಿಷ್ಠ 20, ಗರಿಷ್ಠ 80. 50 ಅಂದ್ರೆ ಮೇಜರ್ ಲೀಗಿನ ಸರಾಸರಿ ಆಟಗಾರ, ಅಂದ್ರೆ ಆಗಲೇ ಭೂಮಿ ಮೇಲಿನ ಕೆಲವೇ ನೂರು ಜನರ ಸಾಲಲ್ಲಿ ನಿಂತ ಹಾಗೆ. 80 ಬರೆಯೋಕೆ ಕೈ ನಡುಗಬೇಕು. ಬ್ಯಾಟರ್‌ಗಳಿಗೆ ಐದು ವಿಷಯ ನೋಡ್ತೀವಿ: ಚೆಂಡಿಗೆ ಬ್ಯಾಟ್ ಸಿಗೋದು, ದೂರ ಹೊಡೆಯೋ ಶಕ್ತಿ, ಓಟ, ಫೀಲ್ಡಿಂಗ್, ಎಸೆಯೋ ತೋಳು. ಒಂದೊಂದಕ್ಕೂ ಎರಡು ಅಂಕ, ಇವತ್ತಿನದು ಒಂದು, ಮುಂದೆ ಆಗಬಹುದಾದ್ದು ಇನ್ನೊಂದು. ಒಳ್ಳೆ ಹೈಸ್ಕೂಲ್ ಹುಡುಗನಿಗೂ ಬ್ಯಾಟಿಂಗಲ್ಲಿ ಇವತ್ತಿನ ಅಂಕ 20, 30 ಇರುತ್ತೆ, ಬೇಜಾರಾಗಬಾರದು.

ಓಟ ಹೇಗೆ ಅಳೀತೀವಿ ಹೇಳ್ತೀನಿ. ಬಲಗೈ ಬ್ಯಾಟರ್ ಹೊಡೆದು ಓಡಿ ಫಸ್ಟ್ ಬೇಸ್ (ಓಟದ ಮೊದಲ ನಿಲ್ದಾಣ) ಮುಟ್ಟೋಕೆ 4.3 ಸೆಕೆಂಡ್ ಆದ್ರೆ 50. ಎಡಗೈಯವನು ಬೇಸಿಗೆ ಒಂದೆರಡು ಹೆಜ್ಜೆ ಹತ್ರ ನಿಂತಿರ್ತಾನೆ, ಅವನಿಗೆ 4.2. ಚೆಂಡಿಗೆ ಬ್ಯಾಟ್ ತಾಗಿದ ತಕ್ಷಣ ಗುಂಡಿ ಒತ್ತಬೇಕು, ಕಾಲು ಬೇಸ್ ಮೇಲೆ ಬಿದ್ದಾಗ ನಿಲ್ಲಿಸಬೇಕು. ಹೊಸಬರು ಚೆಂಡು ಎಲ್ಲಿ ಹೋಯ್ತು ಅಂತ ನೋಡ್ತಾ ಕೂತು ಕಾಲನ್ನ ಮರೀತಾರೆ. ನನ್ನ ಮೊದಲ ವರ್ಷ ಪೂರ್ತಿ ಅದೇ ಆಗಿದ್ದು. ಹುಡುಗ ಪಿಚರ್ ಕೈಗೇ ಹೊಡೆದು, ಹೆಂಗಿದ್ರೂ ಔಟು ಅಂತ ಅರ್ಧ ದಾರಿಯಲ್ಲಿ ಸೊಪ್ಪಗಾದ್ರೆ ಸಮಯ ಲೆಕ್ಕಕ್ಕೆ ಬರಲ್ಲ. ಆದ್ರೆ ಆ ಜಾಗ ಖಾಲಿ ಬಿಡಲ್ಲ, "ಓಡಲಿಲ್ಲ" ಅಂತ ಬರೀತೀನಿ.

ಬೆಂಗಳೂರಿಂದ: ಅಣ್ಣ, ಈ ಡ್ರಾಫ್ಟು ಐಪಿಎಲ್ ಹರಾಜಿನ ತರಾನಾ? ಇಂಡಿಯಾ ಹುಡುಗರು ಹೆಸರು ಕೊಡಬಹುದಾ?

ಉತ್ತರ: ಹರಾಜಲ್ಲಿ ಪರ್ಸ್ ದೊಡ್ಡದಿದ್ದೋನು ಕೈ ಎತ್ತಿ ಕೂಗ್ತಾನೆ. ಇಲ್ಲಿ ಸರದಿ. ನನ್ನ ಸರದಿ ಬಂದಾಗ ನಿನ್ನ ಹೆಸರು ಹೇಳಿದ್ರೆ ನೀನು ಮಾತಾಡೋಕಾಗೋದು ನನ್ನ ಕ್ಲಬ್ ಜೊತೆ ಮಾತ್ರ. 1965ರಲ್ಲಿ ಇದು ಶುರುವಾಗೋ ತನಕ ದುಡ್ಡಿದ್ದ ಕ್ಲಬ್ಬಿನ ಸ್ಕೌಟ್ ನೇರ ಮನೆಗೆ ಹೋಗಿ ಚೆಕ್ ಬರೆದು ಹುಡುಗನನ್ನ ಕರ್ಕೊಂಡು ಬರ್ತಿದ್ದ. ಮೊದಲೆಲ್ಲ ಸೋತ ತಂಡಕ್ಕೆ ಮೊದಲ ಸರದಿ ಇತ್ತು. ಬೇಕಂತ ಸೋಲ್ತಾರೆ ಅನ್ನೋ ಗುಮಾನಿ ಜಾಸ್ತಿಯಾಗಿ 2023ರ ಡ್ರಾಫ್ಟಿಂದ ಮೊದಲ 6 ಜಾಗಕ್ಕೆ ಲಾಟರಿ ಎತ್ತುತಾರೆ. ಆ ಮೊದಲ ಲಾಟರಿ ಪಿಟ್ಸ್‌ಬರ್ಗ್‌ಗೆ ಹೊಡೀತು, ಅವರು ಪಿಚರ್ ಪಾಲ್ ಸ್ಕೀನ್ಸ್‌ನ ತಗೊಂಡ್ರು. ಈಗ ಜುಲೈಯಲ್ಲಿ ನಡೆಯುತ್ತೆ, 20 ಸುತ್ತು, ಒಟ್ಟು 600 ಚಿಲ್ಲರೆ ಹೆಸರು. 2019ರ ತನಕ 40 ಸುತ್ತಿತ್ತು. ಅಂದ್ರೆ ನನ್ನಂಥವರು "ಇವನೊಬ್ಬ ಇರಲಿ ಬಿಡಿ" ಅಂತ ಕೊನೇಲಿ ಸೇರಿಸ್ತಿದ್ದ ಹುಡುಗರಿಗೆ ಈಗ ಜಾಗವೇ ಇಲ್ಲ.

ಇಂಡಿಯಾದಲ್ಲಿ ಕೂತು ಡ್ರಾಫ್ಟ್‌ಗೆ ಬರೋಕಾಗಲ್ಲ. ಅಮೆರಿಕ, ಕೆನಡಾ, ಪೋರ್ಟೊರಿಕೊದಲ್ಲಿ ಓದ್ತಿರಬೇಕು ಅಥವಾ ಅಲ್ಲಿಯ ನಿವಾಸಿ ಆಗಿರಬೇಕು. ಉತ್ತರ ಪ್ರದೇಶದ ಜಾವೆಲಿನ್ ಹುಡುಗರು ರಿಂಕು ಸಿಂಗ್, ದಿನೇಶ್ ಪಟೇಲ್ 2008ರಲ್ಲಿ ಪಿಟ್ಸ್‌ಬರ್ಗ್ ಕ್ಲಬ್ ಸೇರಿದ್ದು ಒಂದು ಟಿವಿ ಸ್ಪರ್ಧೆಯಲ್ಲಿ ಮೊದಲೆರಡು ಸ್ಥಾನ ಪಡೆದು, ಡ್ರಾಫ್ಟಿಂದ ಅಲ್ಲ. (ಕೆಕೆಆರ್ ರಿಂಕು ಬೇರೆ, ಪ್ರತಿ ಸಲ ಯಾರಾದ್ರೂ ಕೇಳ್ತಾರೆ!) ಬೇರೆ ದೇಶದವನು ಇಲ್ಲಿಯ ಕಾಲೇಜಿಗೆ ಸೇರಿದ್ರೆ ಡ್ರಾಫ್ಟ್ ಬಾಗಿಲು ತೆರೆಯುತ್ತೆ. 2024ರಲ್ಲಿ ಮೊಟ್ಟಮೊದಲ ಹೆಸರಾಗಿ ಹೋದ ಟ್ರಾವಿಸ್ ಬಝಾನಾ ಸಿಡ್ನಿಯವನು, ಓರೆಗಾನ್ ಸ್ಟೇಟಲ್ಲಿ ಓದಿದವನು. ನಮ್ಮ ಮೂಲದ ಹುಡುಗ ಅರ್ಜುನ್ ನಿಮ್ಮಲ, ಫ್ಲೋರಿಡಾ ಹೈಸ್ಕೂಲಿಂದ 2023ರಲ್ಲಿ ಟೊರಾಂಟೊಗೆ ಮೊದಲ ಸುತ್ತಲ್ಲೇ, 20ನೇ ಹೆಸರಾಗಿ ಹೋದ. ಅವತ್ತು ನಮ್ಮಮ್ಮ ಹಾಸನದಿಂದ ಫೋನ್ ಮಾಡಿ "ನೀನೇನಾ ಹುಡುಕಿದ್ದು?" ಅಂದ್ರು. ಅಲ್ಲಮ್ಮ, ಅದು ನನ್ನ ಹೋಬಳಿ ಅಲ್ಲ.

ಡೇಟಾ ಕೆಲಸದವರು, ಸಿಯಾಟಲ್: ಈಗ ಟ್ರ್ಯಾಕ್‌ಮ್ಯಾನ್ ಅನ್ನೋ ಅಳತೆ ಯಂತ್ರ ಇದೆ. ಚೆಂಡು ಎಷ್ಟು ಸುತ್ತುತು, ಬ್ಯಾಟಿಂದ ಎಷ್ಟು ವೇಗದಲ್ಲಿ ಹೋಯ್ತು, ಎಲ್ಲ ಬರುತ್ತೆ. ಮನುಷ್ಯ ಸ್ಕೌಟ್ ಇನ್ನೂ ಯಾಕೆ ಬೇಕು? ಕೋಪ ಮಾಡ್ಕೋಬೇಡಿ.

ಉತ್ತರ: ಕೋಪ ಯಾಕೆ, ನಮ್ಮ ಕ್ಲಬ್ಬಲ್ಲೇ ವಾರಕ್ಕೊಂದು ಸಲ ಈ ಜಗಳ ಆಗುತ್ತೆ. ಎಸೆತದ ವಿಷಯದಲ್ಲಿ ಯಂತ್ರ ನನಗಿಂತ ಚೆನ್ನಾಗಿ ಹೇಳುತ್ತೆ, ಒಪ್ಪಿದೆ. ಆದ್ರೆ ಹೈಸ್ಕೂಲ್ ಹುಡುಗ ಹಿಡಿಯೋದು ಲೋಹದ ಬ್ಯಾಟ್, ಎದುರಿಗೆ ಎಸೆಯೋನು 79 ಮೈಲಿಯ ಯಾರೋ ಒಬ್ಬ. ಆ ಅಂಕಿಯಿಂದ 95ರ ಚೆಂಡಿಗೆ ಮರದ ಬ್ಯಾಟ್ ಹಿಡಿದು ಏನು ಮಾಡ್ತಾನೆ ಅಂತ ಊಹಿಸಬೇಕು. ಅದಕ್ಕೇ ಬೇಸಿಗೆಯಲ್ಲಿ ಮರದ ಬ್ಯಾಟಲ್ಲಿ ಆಡೋ ಕೇಪ್ ಕಾಡ್ ಲೀಗಲ್ಲಿ ಕಾಲೇಜು ಹುಡುಗರು ಏನು ಮಾಡಿದ್ರು ಅನ್ನೋದಕ್ಕೆ ಅಷ್ಟು ಬೆಲೆ.

ಇನ್ನೊಂದು, ಮನೆಗೆ ಹೋಗೋದು. ಚಳಿಗಾಲದಲ್ಲಿ ನಾವು ಹುಡುಗರ ಮನೆಗೆ ಹೋಗಿ ಕೂರ್ತೀವಿ. ಥೇಟ್ ಹೆಣ್ಣು ನೋಡೋ ಶಾಸ್ತ್ರ, ಉಪ್ಪಿಟ್ಟು-ಕೇಸರಿಬಾತ್ ಬದಲು ಸ್ವೀಟ್ ಟೀ, ಕುಕ್ಕಿ. ಒಂದು ಮನೇಲಿ ನಾನು ಹುಡುಗನನ್ನ ಕೇಳಿದ ಪ್ರಶ್ನೆಗೆಲ್ಲ ಅಪ್ಪನೇ ಉತ್ತರ ಕೊಟ್ಟ. ಮುಕ್ಕಾಲು ಗಂಟೆ. ಹುಡುಗ ಸೋಫಾ ದಿಂಬಿನ ದಾರ ಕೀಳ್ತಾ ಕೂತಿದ್ದ. "ನಿನಗೆ ಆಡೋಕೆ ಇಷ್ಟಾನಾ?" ಅಂದೆ. ಅಪ್ಪನ ಮುಖ ನೋಡಿದ. ಅವನ ಅಂಕಿಗಳೆಲ್ಲ ಚೆನ್ನಾಗಿದ್ವು. ಯಾವ ಯಂತ್ರಕ್ಕೂ ಆ ನೋಟ ಸಿಗಲ್ಲ.

ನಮ್ಮ ಕಣ್ಣು ತಪ್ಪಲ್ಲ ಅಂತ ಮಾತ್ರ ಹೇಳಲ್ಲ. ಆಲ್ಬರ್ಟ್ ಪೂಹೋಲ್ಸ್ 1999ರಲ್ಲಿ 402ನೇ ಹೆಸರು, ಆಮೇಲೆ 703 ಹೋಂ ರನ್. ಈ ಕಾಲದ ದೊಡ್ಡ ಆಟಗಾರ ಮೈಕ್ ಟ್ರೌಟ್‌ಗಿಂತ ಮುಂಚೆ 2009ರಲ್ಲಿ 24 ಹೆಸರು ಹೇಳಿದ್ರು. ಅವನನ್ನ ಏಂಜಲ್ಸ್ ಕ್ಲಬ್ಬಿಗೆ ಸೂಚಿಸಿದ ಸ್ಕೌಟ್ ಗ್ರೆಗ್ ಮೋರ್‌ಹಾರ್ಟ್ ಒಂದು ಕಾಲದಲ್ಲಿ ಹುಡುಗನ ಅಪ್ಪನ ಜೊತೆ ಮೈನರ್ ಲೀಗ್ (ಮೇಜರ್ ಲೀಗಿನ ಕೆಳಗಿನ ಮಟ್ಟ) ಆಡಿದ್ದವರು. ಅಪ್ಪ-ಅಮ್ಮನ್ನ ಹುಡುಕ್ತೀನಿ ಅಂದೆನಲ್ಲ, ಸುಮ್ಮನೆ ಅಲ್ಲ.

ನನ್ನದೂ ಒಂದಿದೆ. ಫೆಬ್ರುವರಿ ಚಳಿ, ಗಿಡ್ಡ ಸೆಕೆಂಡ್ ಬೇಸ್‌ಮನ್. ಎರಡು ಸಲ ಸ್ಟ್ರೈಕ್‌ಔಟ್ ಆದ. ಇನ್ನೊಂದು ಊರಲ್ಲಿ ಪಂದ್ಯ ಇತ್ತು, ಐದನೇ ಇನ್ನಿಂಗ್ಸಿಗೇ ಎದ್ದು ಹೊರಟೆ. ವರದಿಯಲ್ಲಿ ಎರಡೇ ಸಾಲು. ಬೇರೆ ಕ್ಲಬ್‌ನವರು ಅವನನ್ನ ಆರು ಸಲ ನೋಡಿದ್ರಂತೆ. ಈಗ ಟಿವಿಯಲ್ಲಿ ಅವನು ಬ್ಯಾಟಿಂಗ್‌ಗೆ ಬಂದಾಗೆಲ್ಲ ನನ್ನ ಹೆಂಡತಿ ವಾಲ್ಯೂಮ್ ಜಾಸ್ತಿ ಮಾಡ್ತಾಳೆ.

ಒಬ್ಬ ಅಮ್ಮ, ಷಾರ್ಲಟ್: ಮಗ ಹೈಸ್ಕೂಲ್ ಕೊನೇ ವರ್ಷ, ಒಂದು ಕಾಲೇಜಿಗೆ ಒಪ್ಕೊಂಡಿದಾನೆ. ಮೂರು ಜನ ಸ್ಕೌಟ್‌ಗಳು ಫೋನ್ ಮಾಡಿ "ನಿಮ್ಮ ನಂಬರ್ ಎಷ್ಟು?" ಅಂತಾರೆ. ಮೊದಲು ಫೋನ್ ನಂಬರ್ ಅನ್ಕೊಂಡೆ 😅 ಹೇಳಬೇಕಾ?

ಉತ್ತರ: ಮೇಡಂ, ನಾನು ಕ್ಲಬ್ಬಿನ ಉಪ್ಪು ತಿನ್ನೋನು, ಅದು ನೆನಪಿಟ್ಕೊಂಡು ಓದಿ. ಕಾಲೇಜು ಬಿಟ್ಟು ಸಹಿ ಹಾಕೋಕೆ ಎಷ್ಟು ದುಡ್ಡು ಬೇಕು ಅನ್ನೋದೇ ಆ ನಂಬರ್. ಮೊದಲ 10 ಸುತ್ತಿನ ಪ್ರತಿ ಜಾಗಕ್ಕೂ ಒಂದು ಮೊತ್ತ ನಿಗದಿಯಾಗಿದೆ. ಎಲ್ಲ ಸೇರಿ ಕ್ಲಬ್ಬಿನ ಒಟ್ಟು ಗಂಟು. ಒಬ್ಬನ ಹತ್ರ ಉಳಿಸಿ ಇನ್ನೊಬ್ಬನಿಗೆ ಸುರಿಯಬಹುದು. ಬಝಾನಾ ಜಾಗದ ಬೆಲೆ 1.05 ಕೋಟಿ ಡಾಲರ್ ದಾಟಿತ್ತು, ಅವನು ಸಹಿ ಹಾಕಿದ್ದು 89.5 ಲಕ್ಷಕ್ಕೆ. ಉಳಿದದ್ದು ಕೆಳಗಿನ ಸುತ್ತಿನ ಹುಡುಗರನ್ನ ಒಪ್ಪಿಸೋಕೆ. 11ನೇ ಸುತ್ತಿಂದ ಆಚೆ 1.5 ಲಕ್ಷ ಡಾಲರ್ ತನಕ ಕೊಟ್ರೆ ಗಂಟಿನ ಲೆಕ್ಕಕ್ಕೆ ಬರಲ್ಲ.

ನನ್ನ ಅಭಿಪ್ರಾಯ: ಮನೆಯವರು ಕೂತು ಒಂದು ಅಂಕಿ ತೀರ್ಮಾನಿಸಿ, ಮೂವರಿಗೂ ಅದೇ ಹೇಳಿ. ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ರೆ ನಮ್ಮ ನಮ್ಮಲ್ಲಿ ಗೊತ್ತಾಗಿಬಿಡುತ್ತೆ, ನಾವೆಲ್ಲ ಒಂದೇ ಹೋಟೆಲಲ್ಲಿ ತಿಂಡಿ ತಿನ್ನೋರು. ಅಂಕಿ ಹಾಕುವಾಗ ಮೈನರ್ ಲೀಗ್ ಸಂಬಳ ಮರೀಬೇಡಿ. 2023ರ ಒಪ್ಪಂದ ಆದಾಗ ಅದರ ತುತ್ತತುದಿಯ ಟ್ರಿಪಲ್-ಎ ಮಟ್ಟದಲ್ಲೂ ವರ್ಷಕ್ಕೆ 35,800 ಡಾಲರ್ ಕನಿಷ್ಠ ಇತ್ತು, ಕೆಳಗೆ ಇನ್ನೂ ಕಮ್ಮಿ. ಮುಂದೆ ಓದೋ ಖರ್ಚು ಕ್ಲಬ್ ಕೊಡಬೇಕು ಅನ್ನೋ ಷರತ್ತನ್ನ ಕರಾರಲ್ಲೇ ಬರೆಸಿ.

ಈಗ ಬೇಡ ಅಂದು ನಾಲ್ಕು ವರ್ಷದ ಕಾಲೇಜಿಗೆ ಹೋದ್ರೆ ಸಾಮಾನ್ಯವಾಗಿ ಮೂರನೇ ವರ್ಷ ಮುಗಿಯೋ ತನಕ ಅಥವಾ 21 ತುಂಬೋ ತನಕ ಮತ್ತೆ ಡ್ರಾಫ್ಟ್ ಇಲ್ಲ. ನಮ್ಮ ಜಾರ್ಜಿಯಾದಲ್ಲಿ ಬೆಳೆದ ಕುಮಾರ್ ರಾಕರ್, ತಾಯಿ ಕಡೆಯಿಂದ ಭಾರತೀಯ ಮೂಲ, 2018ರಲ್ಲಿ ಹೈಸ್ಕೂಲಿಂದ 38ನೇ ಸುತ್ತಲ್ಲಿ ಹೆಸರು ಬಂದ್ರೂ ವಾಂಡರ್‌ಬಿಲ್ಟ್ ಯೂನಿವರ್ಸಿಟಿಗೆ ಹೋದ. 2021ರಲ್ಲಿ ಮೆಟ್ಸ್ ಕ್ಲಬ್ 10ನೇ ಹೆಸರಾಗಿ ಕರೆದು, ವೈದ್ಯಕೀಯ ಪರೀಕ್ಷೆ ಆದ್ಮೇಲೆ ಸಹಿ ಹಾಕಿಸಲಿಲ್ಲ. ಮರುವರ್ಷ ಟೆಕ್ಸಸ್ 3ನೇ ಹೆಸರಾಗಿ 52 ಲಕ್ಷ ಡಾಲರ್‌ಗೆ ತಗೊಂಡ್ರು. ಕಾದಿದ್ದಕ್ಕೆ ಲಾಭ ಆಯ್ತು ಅನ್ನಬಹುದು. ಮಧ್ಯದ ಆ ಒಂದು ವರ್ಷ ಆ ಮನೇಲಿ ನಿದ್ದೆ ಹೇಗೆ ಬಂತೋ ಅಂತ ನಾನು ಯೋಚಿಸ್ತೀನಿ.

ಮತ್ತೊಬ್ಬರು: ಶೋಕೇಸ್ (ಸ್ಕೌಟ್‌ಗಳ ಮುಂದೆ ಹುಡುಗರು ಆಡಿ ತೋರಿಸೋ ಕಾರ್ಯಕ್ರಮ) ಅಂತ ತಿಂಗಳಿಗೊಂದು ಕಡೆ ದುಡ್ಡು ಕಟ್ತಿದೀವಿ. ಉಪಯೋಗ ಇದೆಯಾ?

ಉತ್ತರ: 16 ದಾಟಿದ ಮೇಲೆ, ವರ್ಷಕ್ಕೆ ಒಂದೋ ಎರಡೋ. ಉಳಿದ ದುಡ್ಡು ಬ್ಯಾಂಕಲ್ಲಿಡಿ.

ಆಲ್ಫರೆಟ್ಟಾದ ಅಪ್ಪ, ಮತ್ತೆ: ಸರ್, ಮೇಲಿನದು ಓದಿ ಯೋಚನೆ ಹತ್ತಿತು. ನಾಳೆ ಭಾನುವಾರ ಟೂರ್ನಮೆಂಟ್ ಫೈನಲ್, ಇವನೇ ಎಸೀಬೇಕು ಅಂತ ಕೋಚ್ ಹೇಳಿದಾರೆ. ಬಿಡಿಸಲಾ?

ಉತ್ತರ: ಹಿಂದಿನ ಸಲ ಎಸೆದಿದ್ದು ಯಾವಾಗ, ಎಷ್ಟು?

ಆಲ್ಫರೆಟ್ಟಾದ ಅಪ್ಪ: ನಿನ್ನೆ ಶುಕ್ರವಾರ. ಎಣಿಸಿಲ್ಲ, 80 ಆಗಿರಬೇಕು.

ಉತ್ತರ: 66 ದಾಟಿದ್ರೆ 4 ದಿನ ಬಿಡುವು, ಅದೇ ಪಟ್ಟಿಯಲ್ಲಿದೆ. ನಾಳೆ ಪಿಚಿಂಗ್ ಬೇಡ, ಕ್ಯಾಚರ್ ಆಗಿ ಕೂರಿಸೋದೂ ಬೇಡ, ಅದೂ ತೋಳಿಗೆ ಕೆಲಸವೇ. ಫಸ್ಟ್ ಬೇಸಲ್ಲಿ ನಿಲ್ಲಿಸಿ ಬ್ಯಾಟಿಂಗ್ ಮಾಡಿಸಲಿ. ಕೋಚ್ ತಕರಾರು ತೆಗೆದ್ರೆ ಒಬ್ಬ ಸ್ಕೌಟ್ ಹೇಳಿದ ಅನ್ನಿ. ಮತ್ತೆ ಇವತ್ತು ಸಾಯಂಕಾಲ ಒಂದು ಕ್ಲಿಕ್ಕರ್ ತಗೊಳ್ಳಿ ಸರ್, ಎಸೆತ ಎಣಿಸೋದು. ಹತ್ತು ಡಾಲರ್‌ನೊಳಗೆ ಸಿಗುತ್ತೆ.