ಆರ್ಕೆಸ್ಟ್ರಾ ಬಿಟ್ಟು ಸ್ಟುಡಿಯೋ ಹಾಕಲಾ? ಡ್ರಮ್ಸ್ ನುಡಿಸಿ ಪಳಗಿದವರು ಹೇಳಿ

ಕೇಳಿದವರು: ಹಾಸನದ ಡ್ರಮ್ಮರ್

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಪಿಯುಸಿ ಮುಗಿದಾಗಿನಿಂದ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್, ರಿದಂ ಪ್ಯಾಡ್ (ಕೋಲಿಂದ ನುಡಿಸೋ ಎಲೆಕ್ಟ್ರಾನಿಕ್ ಪ್ಯಾಡ್) ಎರಡೂ ನುಡಿಸ್ತಿದ್ದೀನಿ. ಈಚೆಗೆ ಲ್ಯಾಪ್‌ಟಾಪ್‌ನಲ್ಲಿ ಜನಪದ ಗಾಯಕರಿಗೆ ಟ್ರ್ಯಾಕ್ (ಹಾಡಿನ ಹಿನ್ನೆಲೆ ಸಂಗೀತ) ಮಾಡಿಕೊಡೋಕೆ ಶುರು ಮಾಡಿದ್ದೀನಿ, ಕೆಲಸ ಬರ್ತಿದೆ. ಆರ್ಕೆಸ್ಟ್ರಾ ಪೂರ್ತಿ ಬಿಟ್ಟು, ಸಾಲ ಮಾಡಿ ಬೆಂಗಳೂರಲ್ಲಿ ಸ್ಟುಡಿಯೋ ಹಾಕೋ ಯೋಚನೆ ಇದೆ. ಮನೇಲಿ ಬೇಡ ಅಂತಾರೆ. ಇದೇ ಕಸುಬಲ್ಲಿ ಇಪ್ಪತ್ತು, ಮೂವತ್ತು ವರ್ಷ ನಿಂತವರು ಹೇಗೆ ನಿಂತ್ರಿ?

ಬೆಂಗಳೂರು, ಹಳೇ ಡ್ರಮ್ಮರ್ (ಈಗ ಪ್ರೊಡಕ್ಷನ್ ಕೆಲಸವೇ ಜಾಸ್ತಿ)

ತಮ್ಮಾ, ಸ್ಟುಡಿಯೋ ವಿಷಯ ಆಮೇಲೆ ನೋಡೋಣ. ಆರ್ಕೆಸ್ಟ್ರಾ ಬಿಡೋ ಮಾತನ್ನ ಮೊದಲು ತಲೆಯಿಂದ ತೆಗಿ. ಪ್ರೊಡ್ಯೂಸರ್ ಆಗೋಕೆ ಬೇಕಾದ ಪಾಠ ನಿನಗೆ ಅಲ್ಲೇ ಸಿಕ್ತಿದೆ, ಅದೂ ನಿನಗೇ ಸಂಬಳ ಕೊಟ್ಟು.

ಯೋಚನೆ ಮಾಡಿ ನೋಡು. ಮೂಲ ಹಾಡಲ್ಲಿ ವಯಲಿನ್ ಸಾಲೇ ಇರುತ್ತೆ, ಕೊಳಲು, ಕೋರಸ್, ಢೋಲಕ್, ತಬಲಾ ಎಲ್ಲಾ ಇರುತ್ತೆ. ನಿಮ್ಮ ಸ್ಟೇಜ್ ಮೇಲೆ ಇರೋದು ಎರಡು ಕೀಬೋರ್ಡ್, ಒಂದು ಗಿಟಾರ್, ಒಂದು ಬೇಸ್, ನೀನು. ಆ ಹಾಡಲ್ಲಿ ಯಾವುದು ಬಿಟ್ರೆ ಜನಕ್ಕೆ ಗೊತ್ತಾಗಲ್ಲ, ಯಾವುದು ಬಿಟ್ರೆ ಹಾಡೇ ಬಿದ್ದು ಹೋಗುತ್ತೆ ಅನ್ನೋದನ್ನ ಸೌಂಡ್ ಚೆಕ್ ಹೊತ್ತಲ್ಲೇ ತೀರ್ಮಾನ ಮಾಡ್ತೀರಿ. ಎರಡನೇ ಬಿಜಿಎಂ (ಚರಣಕ್ಕೆ ಮುಂಚೆ ಬರೋ ಬರೀ ವಾದ್ಯದ ಭಾಗ) ಹೊತ್ತಿಗೆ ಜನ ಎದ್ದು ಓಡಾಡೋಕೆ ಶುರು ಮಾಡಿದ್ರೆ, ಕೀಬೋರ್ಡ್‌ನವನಿಗೆ ಕಣ್ಣಲ್ಲೇ ಹೇಳಿ ಸೀದಾ ಚರಣಕ್ಕೆ ಎಳ್ಕೊಂಡು ಹೋಗ್ತೀಯಲ್ಲ, ಅದೇ ಅರೇಂಜ್‌ಮೆಂಟ್. ಕೋಣೇಲಿ ಒಬ್ಬನೇ ಕೂತು ಕಂಪ್ಯೂಟರ್‌ನಲ್ಲಿ ಲೂಪ್ (ಮತ್ತೆ ಮತ್ತೆ ಬರೋ ತಾಳದ ತುಣುಕು) ಎಳೆಯೋ ಹುಡುಗರಿಗೆ ಈ ಲೆಕ್ಕ ಹೇಳಿಕೊಡೋರು ಯಾರೂ ಇಲ್ಲ. ನಾನು ಕೆಲಸಕ್ಕೆ ಕರೆಯೋವಾಗಲೂ ಆರ್ಕೆಸ್ಟ್ರಾದಲ್ಲಿ ಬೆಂದು ಬಂದವರನ್ನೇ ಕರೀತೀನಿ.

ಇನ್ನು ನಿಂತವರು ಹೇಗೆ ನಿಂತ್ರು ಅಂದ್ಯಲ್ಲ. ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡಿನ ರೆಕಾರ್ಡಿಂಗ್ ಅಂದ್ರೆ ಮದ್ರಾಸ್. ಎಂಬತ್ತರ ದಶಕದಲ್ಲಿ ಶಂಕರ್ ನಾಗ್, ಅನಂತ್ ನಾಗ್ ಸೋದರರು ಸಂಕೇತ್ ಸ್ಟುಡಿಯೋ ಮಾಡಿದ ಮೇಲೆ ಆ ಕೆಲಸ ಊರಿಗೆ ಬರೋಕೆ ದಾರಿ ಆಯ್ತು. ಅದೇ ಹೊತ್ತಿಗೆ, 1985ರಲ್ಲಿ, ರೋಲ್ಯಾಂಡ್ ಕಂಪನಿಯ ಎಲೆಕ್ಟ್ರಾನಿಕ್ ರಿದಂ ಪ್ಯಾಡ್, ಆಕ್ಟೋಪ್ಯಾಡ್ ಬಂತು. ಆಮೇಲೆ ಕಂಪ್ಯೂಟರ್‌ನಲ್ಲೇ ರಿದಂ ಪ್ರೋಗ್ರಾಮಿಂಗ್. ‘ನಾನು ಡ್ರಮ್ ಕಿಟ್ ಬಿಟ್ಟು ಬೇರೇನೂ ಮುಟ್ಟಲ್ಲ’ ಅಂದವರಿಗೆ ಕರೆ ಬರೋದು ನಿಂತೇ ಹೋಯ್ತು. ಕಿಟ್ ಬಿಟ್ಟು ಬರೀ ಕಂಪ್ಯೂಟರ್ ಹಿಡಿದವರದೂ ಅಷ್ಟೇ ಕಥೆ, ಅವರಿಗಿಂತ ಅಗ್ಗಕ್ಕೆ ಮಾಡೋ ಹುಡುಗರು ವರ್ಷವರ್ಷ ಬಂದ್ರು. ಎರಡೂ ಕೈಯಲ್ಲಿಟ್ಟುಕೊಂಡವರು ಉಳಿದ್ರು.

ಟಿ.ಎ.ಎಸ್. ಮಣಿ ಅವರನ್ನ ನೋಡು. ಮೃದಂಗ ವಿದ್ವಾಂಸರು. 1964ರಲ್ಲಿ ಬೆಂಗಳೂರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದ್ರು. ಆ ತಂಡ, ರಮಾಮಣಿ ಅವರ ಗಾಯನ, ಜಾಜ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ, ಎಲ್ಲಾ ಸೇರಿದ ‘ಜ್ಯೋತಿ’ ಆಲ್ಬಂ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ಪಾಠ, ಕಛೇರಿ, ರೆಕಾರ್ಡಿಂಗ್, ಯಾವುದನ್ನೂ ಬಿಡಲಿಲ್ಲ. ರಾಕ್ ಕಡೆ ಬಂದ್ರೆ 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ಬ್ಯಾಂಡ್ ಇದೆ. ಅವರೂ ಬ್ಯಾಂಡ್ ಜೊತೆಗೇ ‘ತಾಕಾಡೆಮಿ’ ಅಂತ ಸಂಗೀತ ಶಾಲೆ ಮಾಡಿದ್ರು. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಪ್ರೋಗ್ರಾಂ ಇಲ್ಲ. ಆ ತಿಂಗಳುಗಳ ಬಾಡಿಗೆ ಎಲ್ಲಿಂದ ಬರುತ್ತೆ ಅನ್ನೋದಕ್ಕೆ ನಿನ್ನ ಹತ್ರ ಉತ್ತರ ಇರಬೇಕು. ನನಗೆ ಅದು ಶಿಷ್ಯರ ಫೀಸಿಂದ ಬಂತು.

ರೆಕಾರ್ಡಿಂಗ್ ಎಂಜಿನಿಯರ್, ಮೈಸೂರು

ಹಿರಿಯರು ಹೇಳಿದ್ದು ಸರಿ. ಸ್ಟುಡಿಯೋ ಬಗ್ಗೆ ನಾನು ಹೇಳ್ತೀನಿ. ಡ್ರಮ್ ರೂಮ್ ಕಟ್ಟೋಕೆ ಹೋಗ್ಬೇಡಿ. ಸಾಲದ ದುಡ್ಡೆಲ್ಲ ಗೋಡೆಗೇ ಹೋಗುತ್ತೆ, ಆಮೇಲೂ ಪಕ್ಕದ ಮನೆಯವರು ಬಾಗಿಲು ತಟ್ಟೋದು ತಪ್ಪಲ್ಲ. ಡ್ರಮ್ಸ್ ಬೇಕಾದ ದಿನ ಒಳ್ಳೆ ರೂಮ್ ಇರೋ ಸ್ಟುಡಿಯೋನ ಗಂಟೆ ಲೆಕ್ಕದಲ್ಲಿ ಹಿಡೀರಿ, ಎಡಿಟಿಂಗು, ಮಿಕ್ಸಿಂಗು ಮನೇಲಿ.

ಅಲ್ಲಿಗೆ ಹೋದಾಗ ಒಂದು ದಾರ ಇಟ್ಕೊಂಡು ಹೋಗಿ. ಸ್ನೇರ್ (ಡ್ರಮ್ಮರ್ ಮುಂದಿರೋ ಚಟಪಟ ಸದ್ದಿನ ಡ್ರಮ್) ನಡುವಿನಿಂದ ಒಂದು ಓವರ್‌ಹೆಡ್ ಮೈಕ್‌ವರೆಗೆ, ಅಂದ್ರೆ ಕಿಟ್ ಮೇಲೆ ಎತ್ತರದಲ್ಲಿಡೋ ಮೈಕ್‌ವರೆಗೆ, ಎಳೆದು ಗಂಟು ಹಾಕಿ. ಅದೇ ದಾರ ಇನ್ನೊಂದು ಮೈಕಿಗೂ ಅಷ್ಟೇ ಉದ್ದಕ್ಕೆ ಸರಿಹೋಗೋ ಹಾಗೆ ಸ್ಟ್ಯಾಂಡ್ ಸರಿಸಿ. ದೂರ ಹೆಚ್ಚುಕಮ್ಮಿ ಆದ್ರೆ ಸ್ನೇರ್ ಸದ್ದು ಎರಡು ಮೈಕಿಗೂ ಬೇರೆ ಬೇರೆ ಹೊತ್ತಿಗೆ ಮುಟ್ಟುತ್ತೆ, ಎರಡನ್ನೂ ಕೂಡಿಸಿದಾಗ ಸದ್ದು ಸವಕಲಾಗುತ್ತೆ. ಇದನ್ನ ಮಿಕ್ಸಿಂಗ್‌ನಲ್ಲಿ ಸರಿಮಾಡ್ತೀನಿ ಅಂತ ಕೂತ್ರೆ ರಾತ್ರಿ ಕಳೆಯುತ್ತೆ.

ಇನ್ನೊಂದು, ಫೈಲ್ ಕಳಿಸೋವಾಗ ಎಲ್ಲಾ ಟ್ರ್ಯಾಕೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ಟೆಂಪೋ (ಹಾಡಿನ ವೇಗ) ಫೈಲ್ ಹೆಸರಲ್ಲೇ ಇರಲಿ. ‘ಫೈನಲ್ 2 ಹೊಸದು’ ಅಂತ ಹೆಸರಿಟ್ಟು ಕಳಿಸೋರಿಗೆ ನಾನಂತೂ ವಾಪಸ್ ಫೋನ್ ಮಾಡಲ್ಲ.

ಹುಬ್ಬಳ್ಳಿ ಕಡೆಯವ

ಅಣ್ಣಾರ, ಬೆಂಗಳೂರಿಗೇ ಯಾಕ ಹೋಗಬೇಕ್ರಿ? ನಮ್ಮ ಕಡೆ ಜನಪದ ಹಾಡಿನ ಕೆಲಸ ಭಾಳ ಐತಿ. ಆದ್ರ ಎಲ್ಲಾರೂ ಅದೇ ಪ್ಯಾಡಿನೊಳಗಿನ ಸೌಂಡ್ ಹಾಕ್ತಾರ, ಒಂದು ಹಾಡಿಗೂ ಇನ್ನೊಂದಕ್ಕೂ ಫರಕ್ಕೇ ಇಲ್ಲ. ನೀವು ಸ್ವಂತ ಸೌಂಡ್ ಮಾಡ್ಕೋರಿ. ಹೋಳಿ ಮುಂದ ಬಾಗಲಕೋಟಿಗೆ ಬರ್ರಿ, ಹಲಗಿ ಬಾರಿಸೋರು ಓಣಿಗೊಬ್ಬರು ಸಿಗ್ತಾರ. ಮೊದಲ ಬೆಂಕಿಗೆ ಹಿಡಿದು ಕಾಸಿ, ತೊಗಲು ಬಿಗಿ ಆದ ಕೂಡಲೇ ರೆಕಾರ್ಡ್ ಮಾಡ್ರಿ. ಆರಿದಂಗ ಶ್ರುತಿ ಇಳೀತೈತಿ, ಅದಕ್ಕ ನಡುನಡುವ ಮತ್ತ ಕಾಸಬೇಕು. ದಪ್ಪ ಕೋಲಿನ ಪೆಟ್ಟು ಬ್ಯಾರೆ, ಸಣ್ಣ ಕಡ್ಡಿ ಪೆಟ್ಟು ಬ್ಯಾರೆ ತಗೋರಿ. ಬಾರಿಸಿದವರಿಗೆ ರೊಕ್ಕ ಕೊಟ್ಟು, ಹಾಡಿನ ಕೆಳಗ ಅವರ ಹೆಸರೂ ಹಾಕ್ರಿ ಮತ್ತ. ಮರೀಬ್ಯಾಡ್ರಿ.

ಗಾಯಕಿ, ಸುಗಮ ಸಂಗೀತ

ಹೆಸರಿನ ಮಾತು ಬಂತಲ್ಲ, ಅದಕ್ಕೇ ಹೇಳ್ತಿದ್ದೀನಿ. ಟ್ರ್ಯಾಕ್ ಮಾಡಿಕೊಟ್ಟವರು, ಟ್ಯೂನ್ ಹಾಕಿದವರು, ಎರಡೂ ಒಂದಲ್ಲ. ಜನಪದ ಹಾಡಿಗೆ ನೀವು ಹೊಸ ಟ್ಯೂನ್ ಕೊಟ್ಟಿದ್ರೆ ಸಂಯೋಜಕರು ನೀವೇ. 2012ರ ಕಾಪಿರೈಟ್ ತಿದ್ದುಪಡಿ ಆದ್ಮೇಲೆ ಸಂಯೋಜಕರಿಗೂ ಸಾಹಿತ್ಯ ಬರೆದವರಿಗೂ ರಾಯಲ್ಟಿ ಪಾಲು ಕಾನೂನಲ್ಲೇ ಇದೆ. ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಸ್ಥೆ ಐಪಿಆರ್‌ಎಸ್‌ಗೆ ಸದಸ್ಯರಾಗಿ ಹಾಡುಗಳನ್ನ ಸೇರಿಸಿ. ಕೆಲಸಕ್ಕೆ ಮುಂಚೆ ವಾಟ್ಸಾಪ್‌ನಲ್ಲಾದ್ರೂ ನಾಲ್ಕು ಸಾಲು ಬರೆಸ್ಕೊಳ್ಳಿ: ಎಷ್ಟು ದುಡ್ಡು, ಎಷ್ಟು ಸಲ ತಿದ್ದುಪಡಿ, ಹೆಸರು ಎಲ್ಲಿ ಬರುತ್ತೆ. ಸಂಕೋಚ ಮಾಡ್ಕೊಂಡ್ರೆ ‘ನಮ್ಮ ಹುಡುಗನೇ ಅಲ್ವಾ’ ಅಂತ ಬಿಟ್ಟಿಗೆ ಮಾಡಿಸ್ಕೊಳ್ತಾರೆ.

ಪಬ್ ಬ್ಯಾಂಡ್ ಡ್ರಮ್ಮರ್

ಗುರು, ಒಂದೇ ಜಾಗದ ಆದಾಯ ನಂಬ್ಕೋಬೇಡ. 2018ರಲ್ಲಿ ಲೈಸೆನ್ಸ್ ವಿಷಯಕ್ಕೆ ಬೆಂಗಳೂರಲ್ಲಿ ಎಷ್ಟೋ ಪಬ್‌ಗಳು ಲೈವ್ ಮ್ಯೂಸಿಕ್ ನಿಲ್ಲಿಸಿದವು. ವಾರಾಂತ್ಯದ ಕೆಲಸ ರಾತ್ರೋರಾತ್ರಿ ಹೋಯ್ತು.

ಮತ್ತೆ ಕಿವಿ. ಮಿಕ್ಸಿಂಗ್ ಮಾಡೋ ಆಸೆ ಇದ್ರೆ ಇವತ್ತಿಂದಲೇ ಇಯರ್‌ಪ್ಲಗ್. 85 ಡೆಸಿಬಲ್ ಸದ್ದನ್ನ ಎಂಟು ಗಂಟೆ ಕೇಳಬಹುದು ಅಂತ ಲೆಕ್ಕ. ಪ್ರತಿ 3 ಡೆಸಿಬಲ್‌ಗೂ ಆ ಹೊತ್ತು ಅರ್ಧ ಆಗ್ತಾ, 100ಕ್ಕೆ ಬರೀ 15 ನಿಮಿಷ. ಗಣಪತಿ ಪ್ರೋಗ್ರಾಂನಲ್ಲಿ ಸೈಡ್ ಫಿಲ್ (ಕಲಾವಿದರಿಗೆ ಕೇಳಿಸೋಕೆ ಸ್ಟೇಜ್ ಪಕ್ಕದಲ್ಲಿಡೋ ದೊಡ್ಡ ಸ್ಪೀಕರ್) ಪಕ್ಕ ಮೂರು ಗಂಟೆ ಕೂರ್ತೀಯಲ್ಲ, ಲೆಕ್ಕ ಹಾಕ್ಕೋ. ಹತ್ತಿ ತುರುಕಿದ್ರೆ ಸಾಲದು. ಅದು ಸಿಂಬಲ್ ಸದ್ದು ತಡೆಯುತ್ತೆ, ಕಾಲಲ್ಲಿ ಬಾರಿಸೋ ಕಿಕ್ ಡ್ರಮ್‌ದು ತಡೆಯಲ್ಲ. ಎಲ್ಲಾ ಸದ್ದನ್ನೂ ಸಮನಾಗಿ ಇಳಿಸೋ, ಸಂಗೀತಗಾರರ ಪ್ಲಗ್ಗೇ ತಗೋ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ಹಾಗಾದ್ರೆ ಹಾಸನದಲ್ಲೇ ಇದ್ಕೊಂಡು ಶುರು ಮಾಡೋಕೆ ಏನೇನು ತಗೊಳ್ಳಲಿ? ಸ್ವಲ್ಪ ಸಾಲ ಆದ್ರೂ ಪರವಾಗಿಲ್ಲ.

ಬೆಂಗಳೂರು, ಹಳೇ ಡ್ರಮ್ಮರ್

ಸಾಲ ಯಾಕೆ? ಎರಡು ಇನ್‌ಪುಟ್ ಇರೋ ಆಡಿಯೋ ಇಂಟರ್‌ಫೇಸ್ (ಮೈಕನ್ನ ಲ್ಯಾಪ್‌ಟಾಪ್‌ಗೆ ಜೋಡಿಸೋ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಒಳ್ಳೆ ಹೆಡ್‌ಫೋನ್, ಬ್ಯಾಕಪ್‌ಗೆ ಎರಡು ಹಾರ್ಡ್ ಡಿಸ್ಕ್. ಗಣಪತಿ, ರಾಜ್ಯೋತ್ಸವ ಸೀಸನ್ ದುಡ್ಡಲ್ಲೇ ಒಂದೊಂದಾಗಿ ತಗೋಬಹುದು. ಸ್ಪೀಕರ್ ಆಮೇಲೆ, ಮೊದಲು ಕೋಣೆಗೆ ದಪ್ಪ ಹಾಸು, ಪರದೆ ಹಾಕು. ಮಾಡಿರೋ ಟ್ರ್ಯಾಕ್ ಎರಡು ಇಲ್ಲಿ ಹಾಕು, ಕೇಳಿ ಹೇಳ್ತೀವಿ. ನಾಳೆ ನನಗೆ ಸೆಷನ್ ಇದೆ, ನಾಡಿದ್ದು ಕೂತು ಕೇಳ್ತೀನಿ.